ವಾಮನನ ಜ್ವರ

ಮದುವೆಯಲ್ಲಿ ಹಾರದ ಜೊತೆಗೆ ರೋಗದ ನೆನಪಿರುವ ರಕ್ತಕಣಗಳನ್ನೂ ಬದಲಾಯಿಸಿಕೊಳ್ಳುವ ಕಾಲ ಅದು. ಹಾಗೆ ಗುಲಾಬಿಯ ಮೈ ಸೇರಿದ್ದ ಗಂಡ ವಾಮನನ ಕಣಗಳಿಗೆ ಮಲೇರಿಯಾದ ಗುರುತು ಚೆನ್ನಾಗಿತ್ತು. ಸೊಳ್ಳೆ ಕಚ್ಚಿ ರೋಗ ಒಳಹೊಕ್ಕಾಗ ಅವು ಎದ್ದು ಒಂದನ್ನೊಂದು ಕೂಗಿ ಕರೆದರೆ ಸಾಕು, ಅವನಿಗೆ ಬರುತ್ತಿದ್ದಂಥದೇ ಜ್ವರ ಇವಳಿಗೂ ಬರುತ್ತಿತ್ತು: ಮೊದಲು ಎಡಭುಜದಲ್ಲಿ ಚಳಿ, ಆಮೇಲೆ ಮೈಯೆಲ್ಲ ಕೆಂಡ. ವಾಮನ ಕಡಲಿಗೆ ಹೋದವನು ಹಿಂದಿರುಗದೆ ಆರು ವರ್ಷವಾಗಿತ್ತು. ಮಳೆಗಾಲಕ್ಕೊಮ್ಮೆ ಬರುವ ಆ ಜ್ವರವಷ್ಟೇ ಅವನದೆಂದು ಉಳಿದಿತ್ತು.

ಈ ಸಲ ಅವಳು ಸೊಳ್ಳೆಪರದೆ ಕಟ್ಟಲಿಲ್ಲ. ಹಿತ್ತಲಲ್ಲಿ ಬಕೆಟ್ಟಿನ ನೀರನ್ನು ಹಾಗೇ ನಿಲ್ಲಲು ಬಿಟ್ಟು, ಅವನ ಕಂಬಳಿಯನ್ನು ತಲೆದೆಸೆಯಲ್ಲಿಟ್ಟುಕೊಂಡು ಕಾದಳು. ಆಷಾಢ ಕಳೆಯಿತು, ಜ್ವರ ಬರಲಿಲ್ಲ.

ಮನೆಮನೆಗೆ ಬಂದು ರಕ್ತ ನೋಡುವ ನರ್ಸ್ ಫ್ಲೇವಿಯಾ ಒಂದು ಬೆಳಿಗ್ಗೆ ಅವಳ ಬೆರಳು ಚುಚ್ಚಿ, ಯಂತ್ರ ನೋಡಿ ಹುಬ್ಬೇರಿಸಿದಳು.

"ಗುಲಾಬಿಯಕ್ಕ, ನಿಮಗೆ ಮಲೇರಿಯಾ ಬಂದು ಹೋಗಿಯೂ ಆಯ್ತಲ್ಲ!"

"ಎಂತ ಹೇಳ್ತೀ ಮಾರಾಯ್ತಿ? ಮೈ ಬೆಚ್ಚಗೆ ಸಹ ಆಗ್ಲಿಲ್ಲ."

"ನಿಮ್ಮ ಗಂಡನ ಕಣಗಳು ಎದ್ದ ಗುರುತು ಉಂಟು. ಈಗ ಅವು ಪಳಗಿದ್ದಾವೆ. ಗಲಾಟೆ ಮಾಡದೆ ಕೆಲಸ ಮುಗಿಸಿ ಮಲಗಿದ್ದಾವೆ. ಇನ್ನು ನಿಮಗೆ ಜ್ವರ ಬರ್ಲಿಕ್ಕಿಲ್ಲ. ಒಳ್ಳೆದೇ ಆಯ್ತಲ್ಲ?"

ಗುಲಾಬಿ ಹಿತ್ತಲಿಗೆ ಹೋಗಿ ಬಕೆಟ್ಟಿನ ನೀರು ಚೆಲ್ಲಿ ಬಂದಳು.

"ಅವರು ಹಾಗೇ," ಎಂದಳು, ಕಂಬಳಿ ಮಡಚುತ್ತ. "ದೋಣಿಗೆ ಹೋಗುವಾಗ ಒಂದು ದಿನ ಸಹ ನನ್ನನ್ನು ಎಬ್ಬಿಸ್ತಿರ್ಲಿಲ್ಲ."