ಬೆಳಕು ಯಾವ ಕಡೆಯಿಂದ?

"ಈಗೇನಾಗ್ತಿದೆ?"

"ಹೊಡೆದಾಡ್ತಿದಾರೆ."

"ಅದು ನನಗೂ ಕೇಳಿಸ್ತಿದೆ ಕಣೇ. ಯಾರು ಯಾರಿಗೆ ಹೊಡೀತಿದಾರೆ?"

"ಎಲ್ಲರೂ ಎಲ್ಲರಿಗೂ."

ಫೋಟೋದವರು ಥಿಯೇಟರಿನ ಸೀಟಿನಲ್ಲಿ ತುಸು ಮುಂದಕ್ಕೆ ಬಾಗಿದರು. ಕಣ್ಣು ಹೋಗಿ ವರ್ಷವಾಗುತ್ತ ಬಂದಿದ್ದರೂ ಮುಖ ಮಾತ್ರ ನೇರ ಪರದೆಯ ಕಡೆಗೇ ಇತ್ತು. "ಬೆಳಕು ಯಾವ ಕಡೆಯಿಂದ ಬೀಳ್ತಿದೆ?" ಎಂದು ಪಿಸುಗುಟ್ಟಿದರು.

ಹೆಂಡತಿ ನೋಡಿದರು. ಒಂದು ಲಾರಿ ಉರಿಯುತ್ತಿತ್ತು, ಎರಡು ಕಾರು ಗಾಳಿಯಲ್ಲಿದ್ದವು. ಕಪ್ಪು ಕನ್ನಡಕದ ಡಾನ್ ಇದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಆರಾಮಾಗಿ ನಡೆದು ಬರುತ್ತಿದ್ದ. "ಎಲ್ಲಾ ಕಡೆಯಿಂದಾನೂ," ಎಂದರು.

"ಅವನು ಹಾಗೆ ಮಾಡೋ ಪೈಕಿ ಅಲ್ವಲ್ಲ."

'ಅವನು' ಎಂದರೆ ನಿರ್ದೇಶಕ. ಜೀವಮಾನವೆಲ್ಲ ಫೋಟೋ ಸ್ಟುಡಿಯೋ ನಡೆಸಿದವರು ಇವರಿಬ್ಬರು. ಕ್ಯಾಮೆರಾ ಹಿಂದೆ ಗಂಡ, ಲೈಟು ಹಿಡಿದು ಪಕ್ಕದಲ್ಲಿ ಹೆಂಡತಿ. ಆ ನಿರ್ದೇಶಕ ಹಿಂದಿಯಲ್ಲಿ ಮಾಡಿದ ಸಣ್ಣ ಸಣ್ಣ ಸಿನಿಮಾಗಳನ್ನು ಮತ್ತೆ ಮತ್ತೆ ನೋಡಿ, "ಮುಖ ತೋರಿಸೋಕೆ ಮುಂಚೆ ನೆರಳು ತೋರಿಸ್ತಾನೆ ನೋಡು, ಭೂಪ!" ಎಂದು ಫೋಟೋದವರು ಮನೆಗೆ ಬಂದವರಿಗೆಲ್ಲ ಪಾಠ ಹೇಳುತ್ತಿದ್ದರು. ಕಣ್ಣು ಹೋದ ಮೇಲೆ ಡಾಕ್ಟರ ಬಳಿಗೆ ಬಿಟ್ಟರೆ ಹೊಸ್ತಿಲು ದಾಟಿರಲಿಲ್ಲ. ಯಾರು ಕರೆದರೂ "ನೋಡೋಕೇನಿದೆ ನನಗೆ?" ಎನ್ನುತ್ತಿದ್ದರು. ಅವನ ಹೊಸ ಚಿತ್ರ ಬಂದಿದೆ ಎಂದು ರೇಡಿಯೋದಲ್ಲಿ ಕೇಳಿದ ದಿನ ಮಾತ್ರ ತಾವಾಗಿಯೇ, "ಅಂಗಿ ಇಸ್ತ್ರಿ ಮಾಡ್ತೀಯಾ?" ಎಂದು ಕೇಳಿದ್ದರು.

ಅಂಥ ನಿರ್ದೇಶಕ ಈ ಸಲ ಕೈಕೊಟ್ಟಿದ್ದ. ಯಾರದೋ ದುಡ್ಡಿಗೆ, ಯಾರದೋ ಮರ್ಜಿಗೆ ಬಂದೂಕಿನ ಸಿನಿಮಾ ಮಾಡಿದ್ದ. ಅದು ಹೆಂಡತಿಗೆ ಅರ್ಧ ಗಂಟೆಯಲ್ಲೇ ಗೊತ್ತಾಗಿಹೋಯಿತು. 'ಅವನೂ ಕೆಟ್ಟ' ಎಂದುಕೊಂಡು ಇವರು ಮನೆಗೆ ಹೋದರೆ ದಿನವಿಡೀ ಕೂರುವ ಆ ಕುರ್ಚಿ ಬಿಟ್ಟು ಇನ್ನು ಏಳುವುದಿಲ್ಲ ಎಂಬುದೊಂದೇ ಆಕೆಯ ದಿಗಿಲು.

ಸೀಟುಗಳು ದಡದಡ ಮಡಚಿಕೊಳ್ಳುವ ಸದ್ದಾಯಿತು.

"ಜನ ಎದ್ದು ಹೋಗ್ತಿದಾರಾ?"

"ಇಂಟರ್‌ವಲ್ಲು ರೀ. ಕಾಫಿಗೆ ಹೋಗ್ತಿದಾರೆ."

ಕಾಫಿಗೆ ಹೋದವರಲ್ಲಿ ಅರ್ಧಕ್ಕರ್ಧ ಮಂದಿ ಹಿಂತಿರುಗಲಿಲ್ಲ. ಚಿತ್ರ ಮತ್ತೆ ಶುರುವಾದಾಗ ಡಾನ್ ಬಂದೂಕು ಒರೆಸುತ್ತಿದ್ದ, ಹಿಂದೆ ತಮಟೆಯಂಥ ಸಂಗೀತ.

"ಈಗ?"

ಆಕೆ ಪರದೆಯಿಂದ ಕಣ್ಣು ತೆಗೆದರು. "ಅವನ ಅಕ್ಕ ಬಂದಿದಾಳೆ."

"ಅಕ್ಕನಾ? ಇಷ್ಟು ಹೊತ್ತು ಎಲ್ಲಿದ್ಲು?"

"ಒಳಗಡೆ ಇದ್ಲು ಅನ್ಸುತ್ತೆ. ಮಾತಾಡಲ್ಲ ಅವಳು. ಕಿಟಕಿ ಪಕ್ಕ ಕೂತು ಅವನ ಅಂಗಿ ತೋಳು ಹೊಲೀತಿದಾಳೆ."

"ಬೆಳಕು?"

"ಎಡಗಡೆಯಿಂದ. ಅರ್ಧ ಮುಖಕ್ಕೆ ಮಾತ್ರ. ಸೂಜಿ ಮೇಲಕ್ಕೆ ಬಂದಾಗ ಒಂದು ಚೂರು ಹೊಳೆಯುತ್ತೆ, ಅಷ್ಟೇ."

ಫೋಟೋದವರು ಬಹಳ ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟರು. "ಹಾಂ! ಈಗ ಬಂದ ನೋಡು ದಾರಿಗೆ." ಮರುಗಳಿಗೆಗೆ ಹುಬ್ಬು ಗಂಟಿಕ್ಕಿದರು. "ಹೆಲಿಕಾಪ್ಟರ್ ಸದ್ದು ಬರ್ತಿದೆಯಲ್ಲೇ?"

"ಅದು ಹೊರಗಡೆ. ಇವಳು ತಲೆ ಎತ್ತಿ ಕೂಡ ನೋಡ್ತಿಲ್ಲ."

"ಭೇಷ್!"

ಅಲ್ಲಿಂದ ಮುಂದೆ ಆಕೆಯನ್ನು ಹಿಡಿಯುವವರೇ ಇರಲಿಲ್ಲ. ಪರದೆಯ ಮೇಲೆ ಗೋದಾಮು ಸಿಡಿದರೆ ಇಲ್ಲಿ ಅಕ್ಕ ದೀಪ ಸಣ್ಣದು ಮಾಡಿ ಬಾಗಿಲಿಗೆ ಒರಗಿ ಕಾಯುತ್ತಿದ್ದಳು. ಅಲ್ಲಿ ಹಡಗು ಮುಳುಗಿದರೆ ಇಲ್ಲಿ ಅವಳ ನೆರಳು ಗೋಡೆಯ ಮೇಲೆ ಒಂದಿಷ್ಟು ಉದ್ದವಾಗುತ್ತಿತ್ತು.

"ಕೊಂದನಾ ಅವರನ್ನ?"

"ಕೊಂದ. ಬಂದು ಕೈ ತೊಳ್ಕೊತಿದಾನೆ. ಅವಳು ನೀರು ಹಾಕ್ತಿದಾಳೆ. ಯಾರ ರಕ್ತ ಅಂತ ಕೇಳ್ತಿಲ್ಲ."

ಫೋಟೋದವರ ಕೈ ತಡಕಾಡಿ ಹೆಂಡತಿಯ ಮಣಿಕಟ್ಟಿನ ಮೇಲೆ ಬಂದು ಕೂತಿತು. ಚಿತ್ರ ಮುಗಿಯುವವರೆಗೂ ಅಲ್ಲೇ ಇತ್ತು.

ದೀಪ ಹತ್ತಿತು. ಮುಂದಿನ ಸಾಲಿನ ಬೋಳುತಲೆಯ ಮನುಷ್ಯ ಕಣ್ಣುಜ್ಜಿಕೊಂಡು ಹಿಂದಕ್ಕೆ ತಿರುಗಿದ. "ಅಮ್ಮಾ, ತಪ್ಪು ತಿಳ್ಕೋಬೇಡಿ, ನೀವು ಯಜಮಾನರಿಗೆ ಹೇಳ್ತಿದ್ದಿದ್ದು ಕಿವಿಗೆ ಬೀಳ್ತಿತ್ತು. ಆ ಅಕ್ಕ ಯಾವಾಗ ಬಂದು ಹೋದ್ಲು? ನನಗೆ ನಡುನಡುವೆ ಜೋಂಪು ಹತ್ತಿತ್ತು ಅನ್ನಿ. ಆದ್ರೆ ಕಣ್ಣು ಬಿಟ್ಟಾಗೆಲ್ಲ ಬರೀ ಗುಂಡೇ ಹಾರ್ತಿತ್ತಪ್ಪ!"

ಆಕೆಗೆ ಗಂಡನ ಮುಖ ನೋಡುವ ಧೈರ್ಯವಾಗಲಿಲ್ಲ. "ಅದು... ಅದೇನಂದ್ರೆ..."

"ನಿಮಗೆ ಕಂಡಿರಲ್ಲ ಬಿಡಿ," ಎಂದರು ಫೋಟೋದವರು, ಕಾಲಿನಿಂದ ಚಪ್ಪಲಿ ಹುಡುಕುತ್ತ. "ಅದು ಈ ಎರಡು ಸೀಟಿಗೆ ಮಾತ್ರ ಕಾಣೋದು."

ಹೆಂಡತಿಯ ಭುಜ ಹಿಡಿದು ಎದ್ದು ನಿಂತರು. "ನಂಬರು ನೋಡಿಟ್ಕೊಳ್ಳೇ. ಮುಂದಿನ ಶುಕ್ರವಾರಾನೂ ಇವೇ ಬೇಕು."