ಮಸಿಯ ಹೆಬ್ಬೆಟ್ಟು

ಹೊಸ್ತಿಲ ಬಳಿ ಕೂತು ಮುದ್ದೆ ಪಾತ್ರೆಯ ಮಸಿ ಉಜ್ಜುತ್ತಿದ್ದ ಕದಿರಮ್ಮನ ಕೈ ನಿಂತುಹೋಯಿತು. ಮಗಳು ಆದಿಲಕ್ಷ್ಮಿ ತಾನುಂಡ ತಟ್ಟೆಯನ್ನು ತಾನೇ ತೊಳೆದು, ಬಾಗಿಲ ಮೂಲೆಯಲ್ಲಿ ಬೇರೆಯಾಗಿ ಬೋರಲು ಹಾಕುತ್ತಿದ್ದಳು. ಅದರ ಪಕ್ಕದಲ್ಲೊಂದು ಸೊಟ್ಟಗಾದ ಹಿತ್ತಾಳೆ ಲೋಟ. ನಂದಿದುರ್ಗದ ಚಿನ್ನದ ಗಣಿಯ ಧೂಳು ಕುಡಿದು, ಬೂದಿ ಡಬ್ಬಿಗೆ ರಕ್ತ ಉಗುಳಿ ಉಗುಳಿ ತೀರಿಹೋದ ಗಂಡ ಕೋದಂಡಪ್ಪ ಕೊನೆಗಾಲದಲ್ಲಿ ತನಗೆಂದೇ ಬೇರೆ ಇಟ್ಟುಕೊಂಡಿದ್ದ ಲೋಟ. ಅಟ್ಟ ಸೇರಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಮೊನ್ನೆಯಿಂದ ಹುಡುಗಿ ಹೊಟ್ಟೆನೋವೆಂದು ಸ್ಕೂಲಿಗೆ ಹೋಗಿರಲಿಲ್ಲ. ರಾತ್ರಿ ಚಾಪೆಯನ್ನೂ ದೂರ ಎಳೆದುಕೊಂಡು ಮಲಗುತ್ತಿದ್ದಳು. ಏನೋ ಮುನಿಸಿರಬೇಕು ಅಂದುಕೊಂಡಿದ್ದಳು ಕದಿರಮ್ಮ.

“ಅಪ್ಪನ್ ಲೋಟ ಯಾಕಮ್ಮಣ್ಣಿ ತಗ್ದೆ?”

ಹುಡುಗಿ ಗೋಡೆಗೆ ಒತ್ತಿ ನಿಂತಳು. “ಅತ್ರ ಬರಬ್ಯಾಡಮ್ಮ, ನಿಂಗೂ ಅಂಟ್ಕೊಂತದೆ. ಅಪ್ಪನ್ ಕಾಯ್ಲೆ ನಂಗೂ ಬಂದೈತೆ. ರಕ್ತ ಓಗ್ತಾ ಐತೆ.”

“ಕೆಮ್ಮಿದ್ರೆ ಬರ್ತೈತಾ?”

ಇಲ್ಲವೆಂದು ತಲೆಯಾಡಿಸಿ, ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡಿದಳು.

ಕದಿರಮ್ಮನಿಗೆ ತಿಳಿಯಿತು. ಪದ್ಧತಿಯಂತೆ ಈಗ ದೂರ ನಿಲ್ಲಬೇಕು. ಬೇತಮಂಗಲದ ತಮ್ಮನಿಗೆ ಹೇಳಿ ಕಳಿಸಬೇಕು, ಸೋದರಮಾವ ಬಂದು ಹಸಿಸೊಪ್ಪಿನ ಗುಡ್ಲು ಹಾಕಬೇಕು, ಶಾಸ್ತ್ರದ ನೀರು ಹಾಕಿ ಮೈಲಿಗೆ ಕಳೆಯುವ ತನಕ ಮುಟ್ಟಬಾರದು. ಎಲ್ಲವೂ ನೆನಪಿಗೆ ಬಂತು. ಕೈ ಮಾತ್ರ ಕೇಳಲಿಲ್ಲ. ಮಸಿಗೈಯಲ್ಲೇ ಮಗಳನ್ನು ಬಾಚಿ ಎದೆಗೊತ್ತಿಕೊಂಡಳು.

“ಸಾಯೋ ಕಾಯ್ಲೆ ಅಲ್ಲ ಕಣಮ್ಮಣ್ಣಿ. ದೊಡ್ಡೋಳಾದೆ ನೀನು. ಎಲ್ಲಾ ಎಣ್ಮಕ್ಳಿಗೂ ಆಗೋದೇ. ನಂಗೂ ಆಯ್ತು.”

ಅಳುವೆಲ್ಲ ಮುಗಿದ ಮೇಲೆ ಹುಡುಗಿ ತಾಯಿಯ ಭುಜದಲ್ಲೇ ಮುಖವಿಟ್ಟು ಕೇಳಿದಳು: “ಮೊದ್ಲೇ ಯಾಕಮ್ಮ ಯೋಳಲಿಲ್ಲ?”

ಕದಿರಮ್ಮನ ಕಣ್ಣು ದೀಪದ ಗೂಡಿನ ಕಡೆ ಹೊರಳಿತು. ದಸರಾ ರಜಕ್ಕೆ ಮುಂಚೆ ಅನಸೂಯಮ್ಮ ಟೀಚರ್ ತಾಯಂದಿರನ್ನೆಲ್ಲ ಕರೆಸಿ ಮಾತಾಡಿದ್ದರು. ಮೈ ಹೇಗೆ ಬದಲಾಗುತ್ತದೆ, ಆಗ ಶುಚಿಯಾಗಿರುವುದು ಹೇಗೆ, ಯಾರಾದರೂ ಕೆಟ್ಟ ಕೈ ಹಾಕಿದರೆ ಹೆದರದೆ ಯಾರಿಗೆ ಹೇಳಬೇಕು, ಇವನ್ನು ದೊಡ್ಡ ಹುಡುಗಿಯರಿಗೆ ಹೇಳಿಕೊಡುತ್ತೇನೆ, ಒಪ್ಪಿಗೆಯಿದ್ದರೆ ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕಳಿಸಿ ಎಂದಿದ್ದರು. ದಾರಿಯಲ್ಲಿ ಪಕ್ಕದ ಮನೆಯ ಪಾಪಕ್ಕ, ನಮಗೆಲ್ಲ ಯಾವ ಟೀಚರ್ ಬಂದು ಹೇಳಿಕೊಟ್ಟಿದ್ದರು, ನಾವು ಹೆರಲಿಲ್ಲವಾ ಅಂದಾಗ ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕಿದ್ದರು. ಕದಿರಮ್ಮನೂ ನಕ್ಕಿದ್ದಳು. ಸಂಕ್ರಾಂತಿ ಕಳೆದರೂ ಗಣಿ ಕೂಲಿಗಳ ಮನೆಸಾಲಾದ ಆ ಲೈನಿನಿಂದ ಒಂದು ಕಾಗದವೂ ಹೋಗಿರಲಿಲ್ಲ. ಪಾಠವೂ ಶುರುವಾಗಿರಲಿಲ್ಲ.

ಅವಳು ಎದ್ದು ಗೂಡಿನಲ್ಲಿಟ್ಟಿದ್ದ ಆ ಕಾಗದ ತಂದಳು. ಪಾತ್ರೆಯ ತಳಕ್ಕೆ ಹೆಬ್ಬೆರಳು ತಿಕ್ಕಿ, ಟೀಚರ್ ತೋರಿಸಿದ್ದ ಜಾಗದಲ್ಲಿ ಅದುಮಿದಳು.

ಸ್ಕೂಲು ಗುಡಿಸುವ ಕೆಲಸದ ಪಾಪಕ್ಕ ಆಗಲೇ ಪೊರಕೆ ಹಿಡಿದು ಹೊರಟಿದ್ದಳು. ಕದಿರಮ್ಮ ಅವಳನ್ನು ಬಾಗಿಲಿಗೆ ಕರೆದು, ಟೀಚರಿಗೆ ಕೊಡಲು ಹೇಳಿದಳು. ಕಾಗದ ಕೈಗೆ ತಗೊಂಡವಳ ಕಣ್ಣು ಆದಿಲಕ್ಷ್ಮಿಯ ಬೆನ್ನ ಮೇಲೆ ನಿಂತಿತು. ಬಿಳಿ ರವಿಕೆಯ ಮೇಲೆ ಐದೂ ಬೆರಳಿನ ಮಸಿ.

“ನೀರಾಕೋಕ್ ಮುಂಚೆ ಮುಟ್ಬಿಟ್ಯೇನೇ?”

“ಮುಟ್ದೆ ಕಣಕ್ಕ. ಸಾಯ್ತೀನಿ ಅಂತ ಅವರಪ್ಪನ್ ಲೋಟ ತಗ್ದಿಟ್ಕೊಂಡು ಕೂತಿತ್ತು ಮಗು.”

ಪಾಪಕ್ಕನ ಮನೆಯೊಳಗಿನಿಂದ ಗಂಡನ ಕೆಮ್ಮು ಕೇಳಿಸಿತು. ಅವಳ ಮಗಳೂ ಆದಿಲಕ್ಷ್ಮಿಯ ಕ್ಲಾಸೇ.

ಪೊರಕೆಯನ್ನು ಗೋಡೆಗೊರಗಿಸಿ ಒಳಗೆ ಹೋದಳು. ಬಂದಾಗ ಕೈಯಲ್ಲಿ ಮಡಿಸಿ ಮಡಿಸಿ ಸವೆದ ಕಾಗದವಿತ್ತು. ಕುಕ್ಕರುಗಾಲಲ್ಲಿ ಕೂತು, ಕದಿರಮ್ಮನ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

ಅವತ್ತು ಬೆಳಿಗ್ಗೆ ಆ ಲೈನಿನಿಂದ ಸ್ಕೂಲಿಗೆ ಎರಡು ಕಾಗದ ಹೋದವು. ಎರಡರಲ್ಲೂ ಒಂದೇ ಪಾತ್ರೆಯ ಮಸಿ.