ಐದು ವರ್ಷದ ಗಡುವು

"ಯಾವತ್ತು ಗೊತ್ತಾಯ್ತು? ತಾರೀಖು ಸರಿಯಾಗಿ ಹೇಳಿ ತಾಯಿ," ಎಂದರು ವಕೀಲ ಕ್ವೇವಾಸ್.

"ನಿನ್ನೆಗೆ ಐದು ವರ್ಷ ತುಂಬಿತು ಸಾರ್."

ರೊಸೆಂಡಾ ಆ ತಾರೀಖು ಮರೆಯುವ ಹೆಂಗಸಲ್ಲ. ಟ್ರಂಕಿನ ತಳದಿಂದ ಜೈಲಿನ ಬಿಡುಗಡೆ ಪತ್ರ ಹೊರಬಿದ್ದ ದಿನ ಅದು. ಕಳ್ಳತನ, ಹತ್ತು ತಿಂಗಳ ಸಜೆ. ಮದುವೆಗೆ ಮುಂಚಿನದು, ಇಗರ್ಜಿಯಲ್ಲಿ ಉಂಗುರ ತೊಡಿಸುವಾಗಲೂ ಬಾಯಿ ಬಿಡದೆ ಮುಚ್ಚಿಟ್ಟದ್ದು. ಗಂಡ ಡೆಲ್ಫಿನ್ ಅಂದು ತುಟಿ ಬಿಚ್ಚದೆ ಜೀಪು ಹತ್ತಿ ಇಲೋಯಿಲೋ ಪೇಟೆಗೆ ಹೋದವನು ಸಂಜೆ ಬನ್ನಿನ ಪೊಟ್ಟಣ ಹಿಡಿದು ಬಂದ. ಐಸ್ ಕಾರ್ಖಾನೆಯಲ್ಲಿ ಎರಡು ಬೆರಳು ಕಳೆದುಕೊಂಡ ಕೈಯಿಂದ ಅದನ್ನು ಮೇಜಿನ ಮೇಲಿಟ್ಟು, "ಕಾಫಿ ಮಾಡು" ಎಂದ. ಅಷ್ಟೇ. ಆ ವಿಷಯವನ್ನು ಮತ್ತೆ ಇಬ್ಬರೂ ಎತ್ತಲಿಲ್ಲ.

ಐದು ವರ್ಷ ಒಂದೇ ಪಾತ್ರೆಯ ಅನ್ನ, ಒಂದೇ ಸೊಳ್ಳೆಪರದೆ. ಮಾತು ಮಾತ್ರ ಉಪ್ಪು, ಸೀಮೆಎಣ್ಣೆಗಳಾಚೆ ಹೋಗಲಿಲ್ಲ. ಒಣಮೀನು ಹುರಿಯುವಾಗಲೂ ಅವಳ ಕಿವಿ ಅಂಚೆಯವನ ಸೈಕಲ್ಲಿನ ಮೇಲೆಯೇ. ಗಂಡ ಪಕ್ಕದಲ್ಲೇ ಮಲಗಿರುವಾಗಿನ ಒಂಟಿತನ ಬಲು ಕೆಟ್ಟದ್ದು. ಅದನ್ನು ಅವಳು ಯಾರ ಮುಂದೆ ಹೇಳಿಕೊಂಡಾಳು?

"ಇದು ಮೋಸಾನೇ, ಅನುಮಾನ ಇಲ್ಲ," ಎಂದರು ವಕೀಲರು. "ಆದ್ರೆ ಮೋಸ ಹೋದವ್ರು ಗೊತ್ತಾದ ಐದು ವರ್ಷದೊಳಗೆ ಮದುವೆ ರದ್ದು ಮಾಡ್ಸೋಕೆ ಅರ್ಜಿ ಹಾಕ್ಬೇಕು. ನಮ್ಮ ದೇಶದ ಕಾನೂನಲ್ಲಿ ವಿಚ್ಛೇದನ ಅನ್ನೋದೂ ಇಲ್ಲ. ಒಂದು ದಿನ ತಡ ಮಾಡ್ಬಿಟ್ರಲ್ಲ ತಾಯಿ!"

"ಹಾಗಾದ್ರೆ ಈ ಮದುವೇನ ಇನ್ನು ಯಾರೂ ರದ್ದು ಮಾಡ್ಸೋಕಾಗಲ್ವಾ?"

"ಯಾರಿಂದ್ಲೂ ಆಗಲ್ಲ."

ಅವಳ ಕಣ್ಣು ತುಂಬಿತು. ವಕೀಲರಿಗೆ ಅಯ್ಯೋ ಎನಿಸಿತು.

"ಅಳಬೇಡಿ. ನಿನ್ನೆ ಬಂದಿದ್ರೂ ಕಷ್ಟಾನೇ ಇತ್ತು. ಗೊತ್ತಾದ ಮೇಲೂ ಒಟ್ಟಿಗೆ ಸಂಸಾರ ಮಾಡಿದ್ರೆ ಕೇಸು ನಿಲ್ಲಲ್ಲ. ಐದು ವರ್ಷದ ಹಿಂದೆ ಒಬ್ಬ ಬಂದಿದ್ದ. ಅವನ ಹೆಂಡ್ತಿ ಹೀಗೇ ಜೈಲಿನ ವಿಷಯ ಮುಚ್ಚಿಟ್ಟಿದ್ಲು. 'ಬಿಡುಗಡೆ ಬೇಕಂದ್ರೆ ಇವತ್ತಿಂದ ಆ ಮನೆಗೆ ಕಾಲಿಡಬೇಡ, ಇಟ್ಯೋ ಜನ್ಮಪೂರ್ತಿ ಅವಳೇ ಗತಿ' ಅಂತ ಸಾರಿ ಸಾರಿ ಹೇಳ್ದೆ."

ರೊಸೆಂಡಾ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. "ಅವರು ಏನಂದ್ರು?"

"ಏನಂತಾನೆ! ಎರಡು ಬೆರಳಿಲ್ಲದ ಕೈಯಲ್ಲಿ ಬಾಗಿಲು ಹಿಡ್ಕೊಂಡು, 'ಕೆಳಗಿನ ಬೇಕರೀಲಿ ಬನ್ನು ಚೆನ್ನಾಗಿರುತ್ತಾ ಸಾರ್, ನಮ್ಮವಳಿಗೆ ತಗೊಂಡು ಹೋಗ್ಬೇಕು' ಅಂದ."